ದೋನೆರ್: ಅರ್ಥ ಮತ್ತು ಬಳಕೆ

ಹೋಮ್‌ವರ್ಕ್ ಇಷ್ಟೇ: ಮನೆಯಲ್ಲಾಡುವ ಭಾಷೆಯ ಒಂದು ಕ್ರಿಯಾಪದ,
ಅದರ ಅರ್ಥ, ಬಳಕೆ, ಒಂದು ಪುಟ ಮೀರದಂತೆ.
ಫ್ರಾವ್ ಲಿಂಡ್‌ನರ್ ಗುರುವಾರಕ್ಕೆ ಕೇಳಿದ್ದಾರೆ.
ನಾನು ದೂರ ಹೋಗಲಿಲ್ಲ. ನಮ್ಮ ಅಂಗಡಿಯ ಗಾಜಿನ ಮೇಲೆ
ಕೆಂಪು ಟ್ಯೂಬಿನಲ್ಲಿ ಅದು ರಾತ್ರಿಯಿಡೀ ಉರಿಯುತ್ತದೆ,
ಕೊನೆಯ ಅಕ್ಷರ ಮಾತ್ರ ಮಿಣುಕುತ್ತಾ:
ದೋನೆರ್.

ಬರ್ಲಿನ್ನಿನವರಿಗೆ ಅದು ತಿನ್ನುವ ಪದಾರ್ಥ.
ಈರುಳ್ಳಿ ಬೇಕೋ ಬೇಡವೋ, ಖಾರ ಎಷ್ಟು, ಅಷ್ಟೇ.
ಅದೊಂದು ಇಡೀ ವಾಕ್ಯ ಕಣೇ, ಅಂದರೆ
ಯಾನಾ ನಕ್ಕಳು, ಬಾಯಿತುಂಬ ಎಲೆಕೋಸು.

ವಾಕ್ಯ ಹೌದು. ತಿರುಗುತ್ತದೆ.
ಕಂಬಿಗೆ ಚುಚ್ಚಿದ ಮಾಂಸ ಬೆಂಕಿಗೆ ಬೆನ್ನು ಕೊಟ್ಟು
ಮತ್ತೆ ಮುಖ ಕೊಟ್ಟು ತಿರುಗುತ್ತದೆ.
ಆದರೆ ಅದಕ್ಕೇ ಹಿಂದಿರುಗುತ್ತಾನೆ ಎಂದೂ ಅರ್ಥ.
ಹಿಂದಿರುಗುತ್ತಾಳೆ ಎಂದೂ.
ನಮ್ಮಲ್ಲಿ ಅವನು ಅವಳು ಅದು, ಮೂರಕ್ಕೂ ಒಂದೇ ಗೂಟ;
ಯಾರನ್ನು ಕಟ್ಟಿದೆ ಎಂದು ಪದ ಬಾಯಿಬಿಡುವುದಿಲ್ಲ.
ಜರ್ಮನ್‌ನಲ್ಲಿ ಬರೆಯುವಾಗ ಆರಿಸಲೇಬೇಕು.
ಪೆನ್ನಿನ ತುದಿ ಕಚ್ಚಿ ಕೂತಿದ್ದೇನೆ.

ಬಳಕೆಗೆ ಅಜ್ಜನನ್ನು ಕೇಳಿದೆ.
ತಲೆ ತಿರುಗುತ್ತದೆ, ಅಂದ, ಬಿಪಿ ಮಾತ್ರೆ ಮರೆತ ದಿನ.
ಆಡಿದ ಮಾತಿನಿಂದ ತಿರುಗುವವನನ್ನು ನಂಬಬೇಡ.
ಮೂಲೆ ತಿರುಗಿದ ಅಂದರೆ ರಾತ್ರೋರಾತ್ರಿ ದುಡ್ಡು ಮಾಡಿದ,
ನೋಡು, ಆ ಎದುರಿನ ಮೊಬೈಲ್ ಅಂಗಡಿಯ ಸೆಲಾಮಿ.
ನೀನು ಮೂಲೆ ತಿರುಗಲಿಲ್ಲವಾ ಅಜ್ಜ?
ತಿರುಗಿದೆ, ಅಂದ. ಅಲ್ಲಿ ಇನ್ನೊಂದು ಮೂಲೆಯಿತ್ತು.

ಎಪ್ಪತ್ತೊಂದರಲ್ಲಿ ಯೋಜ್‌ಗಾತಿನ ಹಳ್ಳಿಯಿಂದ ಬಂದವನು.
ಮೂರು ದಿನದ ರೈಲು; ಬುತ್ತಿಯ ಕೊನೆಯ ಮೊಟ್ಟೆ
ಆಸ್ಟ್ರಿಯಾದಲ್ಲಿ ಮುಗಿಯಿತು.
ಬಲ್ಬಿನ ಕಾರ್ಖಾನೆ, ಎರಡು ವರ್ಷದ ಕರಾರು.
ಅವನ ತಾಯಿಗೆ ಓದು ಬಾರದು. ಅವನ ಕಾಗದ ಓದಿ ಮಡಚುತ್ತಾ
ಇಮಾಮರು ಪ್ರತಿಸಲವೂ ಒಂದೇ ಪದ ಹೇಳುತ್ತಿದ್ದರಂತೆ,
ದೋನೆರ್.
ಯಾವಾಗ ಎಂಬುದು ಆ ಕಾಲರೂಪಕ್ಕೆ ಗೊತ್ತಿಲ್ಲ.
ಸೂರ್ಯ ಹುಟ್ಟುತ್ತಾನೆ, ನೀರು ಹರಿಯುತ್ತದೆ, ಮಗ ಬರುತ್ತಾನೆ:
ವ್ಯಾಕರಣಕ್ಕೆ ಮೂರೂ ಒಂದೇ.

ಇದನ್ನು ಪುಟಕ್ಕೆ ಸೇರಿಸಲೋ ಬೇಡವೋ ತಿಳಿಯದು:
ಅಜ್ಜನಿಗಿಂತ ಮುಂಚೆ ಹುಟ್ಟಿದ ಮೂವರು ಉಳಿಯಲಿಲ್ಲ.
ಅದಕ್ಕೇ ಅವನಿಗಿಟ್ಟ ಹೆಸರು ದುರ್ಸುನ್.
ಅದೂ ಕ್ರಿಯಾಪದವೇ. ನಿಲ್ಲಲಿ, ಎಂದು.
ನಿಂತ.
ಎಲ್ಲಿ ಎಂದು ಅವಳು ಹೇಳಿರಲಿಲ್ಲ.

ನಿನ್ನೆ ಸಂಜೆ ಏಳಕ್ಕೆ ಮೋಟಾರು ಕೆಟ್ಟಿತು.
ಫುಟ್‌ಬಾಲ್ ಮ್ಯಾಚಿನ ದಿನ, ಬಾಗಿಲಾಚೆಗೂ ಸಾಲು.
ಮಾಂಸದ ಒಂದು ಮಗ್ಗುಲು ಕಪ್ಪಾಗತೊಡಗಿತು.
ಅಪ್ಪ ಮೆಕ್ಯಾನಿಕ್‌ಗೆ ಫೋನು ಹಚ್ಚಿ ಎರಡು ಭಾಷೆಯಲ್ಲಿ ಬೈದ.
ಅಜ್ಜ ಕುರ್ಚಿಯಿಂದೆದ್ದು, ಒದ್ದೆ ಬಟ್ಟೆ ಕೈಗೆ ಸುತ್ತಿ,
ಕಂಬಿಯ ತಲೆ ಹಿಡಿದು ತಿರುಗಿಸಿದ.
ಒಂಬತ್ತೂವರೆಯವರೆಗೆ.
ತುಟಿಯಲ್ಲೇ ಏನೋ ಗೊಣಗುತ್ತಿದ್ದ. ಹತ್ತಿರ ಹೋದೆ.
ದೋನ್, ದೋನ್, ಅನ್ನುತ್ತಿದ್ದ,
ಕಣದಲ್ಲಿ ಸುತ್ತುವ ಎತ್ತಿಗೆ ಹೇಳುವಂತೆ.
ಆಜ್ಞಾರ್ಥಕ, ಏಕವಚನ. ಮಾಂಸಕ್ಕೋ ಯಾರಿಗೋ.

ಪುಟದ ಕೊನೆಗೆ ಒಂದೂವರೆ ಸಾಲು ಉಳಿದಿದೆ.
ಅವನೋ ಅವಳೋ ಅದೋ, ಆ ಜಾಗ ಖಾಲಿ ಬಿಟ್ಟೆ.
ಫ್ರಾವ್ ಲಿಂಡ್‌ನರ್ ಕೆಂಪು ಶಾಯಿಯಲ್ಲಿ ತುಂಬಿಕೊಳ್ಳಲಿ.
ಕೆಳಗೆ ಅಪ್ಪ ಶಟರ್ ಎಳೆಯುತ್ತಿದ್ದಾನೆ.
ಪಕ್ಕದ ಕೋಣೆಯಲ್ಲಿ, ಗುಳ್ಳೆಯೆದ್ದ ಅಂಗೈಗೆ ಮೊಸರು ಸವರುತ್ತಾ ಅಜ್ಜಿ
ಕಾಣುತ್ತಿಲ್ಲ, ಇತ್ತ ಬೆಳಕಿಗೆ ತಿರುಗು, ಅನ್ನುತ್ತಾಳೆ.
ಮಂಚ ಕಿರುಗುಟ್ಟುತ್ತದೆ. ತಿರುಗುತ್ತಾನೆ.