ಉಳಿಕೆ: ಸೊನ್ನೆ

ವರ್ಷಕ್ಕೊಮ್ಮೆ ಬರುತ್ತದೆ ಸರಕಾರದ ನಮೂನೆ.
ಐಲ್ಸಾ ಪೈಬಸ್ ಕನ್ನಡಕ ಏರಿಸಿ, ಪೆನ್ನಿನ ಮುಚ್ಚಳ ಕಚ್ಚಿ
ಅಡುಗೆಮನೆಯ ಮೇಜಿನ ಮೇಲೆ ಹರವಿಕೊಳ್ಳುತ್ತಾಳೆ.
ಹೊರಗೆ ಟಾಸ್ಮೇನಿಯಾದ ಜುಲೈ ಚಳಿ,
ಇಳಿದ ನದಿ ಬಯಲಿಗಿಟ್ಟ ಕೆಸರು,
ಲಾನ್ಸೆಸ್ಟನ್ನಿನ ಮಂಜಿನಲ್ಲಿ ಅರ್ಧ ಕಾಣದ ಸೇತುವೆ.

ಸಂಸ್ಥೆಯ ಹೆಸರು: ಮಂಗಳವಾರದ ಮೇಳ.
ಉದ್ದೇಶ: ಹಾಡುವುದು.
(ಆರು ಗೆರೆ ಜಾಗ ಬಿಟ್ಟಿದ್ದಾರೆ. ಇಷ್ಟೇ ಸಾಕು.)
ಸೇರಲು ಅರ್ಹತೆ: ಬಾಗಿಲು ತಳ್ಳುವುದು.
ಮೇಲಿನ ಬಿಜಾಗರಿ ಹಿಡಿದುಕೊಂಡಿದೆ, ಸ್ವಲ್ಪ ಭುಜ ಕೊಡಬೇಕು.

ಆದಾಯ: ಬಿಸ್ಕತ್ತಿನ ಡಬ್ಬಿ.
ಕೈಲಾದಷ್ಟು ಹಾಕಿ ಎಂದು ಬರೆದಿದೆ.
ಚಿಲ್ಲರೆ, ಒಮ್ಮೊಮ್ಮೆ ಐದರ ನೋಟು,
ಒಂದು ಸಲ ಅಂಗಿಯ ಗುಂಡಿ. ಅದನ್ನೂ ದಾಖಲಿಸಿದ್ದಾಳೆ:
‘ಗುಂಡಿ, ನೀಲಿ, ಒಂದು.’
ತೂಕದ ಕಟ್ಟೆಯಲ್ಲಿ ಮೂವತ್ತು ವರ್ಷ
ಲಾರಿಗಟ್ಟಲೆ ಉಣ್ಣೆಯ ಲೆಕ್ಕ ಬರೆದ ಕೈ ಅದು.
ಖರ್ಚು: ಬಾಡಿಗೆ, ಹೀಟರಿಗೆ ಗ್ಯಾಸು, ಹಾಲು,
ಪಿಯಾನೊ ಶ್ರುತಿ ಮಾಡಿದವನಿಗೆ ಒಂದು ಚೀಲ ಆಲೂಗಡ್ಡೆ.

ಸದಸ್ಯರ ಪಟ್ಟಿ ಲಗತ್ತಿಸಿ.
ಇಲ್ಲಿ ತಡೆಯುತ್ತಾಳೆ ಐಲ್ಸಾ.
ದಿಲ್ಮಾಯಾಳನ್ನು ಯಾವ ಸಾಲಿಗೆ ಬರೆಯುವುದು?
ಭೂತಾನ ಬಿಡಿಸಿಕೊಂಡು, ನೇಪಾಳದ ಬಿದಿರು ಶಿಬಿರದಲ್ಲಿ
ಹದಿನೆಂಟು ವರ್ಷ ಸರದಿಯಲ್ಲಿ ನಿಂತು ಬಂದವಳು
ಇಲ್ಲಿ ಮೇಲಿನ ಸ್ಥಾಯಿಯವರ ಜೊತೆ ನಿಂತು
ಕೆಳಗಿನದನ್ನು ಹಾಡುತ್ತಾಳೆ,
ಗೆಳತಿ ಅಲ್ಲಿದ್ದಾಳಲ್ಲ, ಅದಕ್ಕೆ.
ಇಂಗ್ಲಿಷಿನ ಪದಗಳನ್ನು ನಾಗರಿಯಲ್ಲಿ ಗೀಚಿಕೊಂಡಿದ್ದಾಳೆ.
ಅರ್ಥ ಗೊತ್ತಾಯಿತೇ ಎಂದರೆ ನಗುತ್ತಾಳೆ:
‘ಅರ್ಥ ಹಿಂದಿನ ಬಸ್ಸಿಗೆ ಬರುತ್ತಿದೆ.’

ಮತ್ತೆ, ಮರ್ವ್ ಟ್ರಿಫಿಟ್.
ಹಿಂದಿನ ಸಾಲು, ಎಡತುದಿ, ಹೀಟರಿನ ಪಕ್ಕ.
ಎರಡು ವರ್ಷದಲ್ಲಿ ಒಂದು ಮಂಗಳವಾರ ತಪ್ಪಿಸಿಲ್ಲ.
ಬೇಗ ಬಂದು ಕುರ್ಚಿ ಹಾಕುತ್ತಾನೆ, ಕೊನೆಗೆ ಕಪ್ಪು ತೊಳೆಯುತ್ತಾನೆ,
ನಡುವೆ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ,
ಸರಿಯಾದ ಜಾಗಕ್ಕೆ, ಸರಿಯಾದ ಅಕ್ಷರಕ್ಕೆ.
ಪಕ್ಕದ ಐಲ್ಸಾಗೆ ಮಾತ್ರ ಗೊತ್ತು,
ಅಲ್ಲಿಂದ ಪೆಪ್ಪರಮಿಂಟಿನ ವಾಸನೆಯ ಹೊರತು
ಏನೂ ಬರುವುದಿಲ್ಲ.

ಒಮ್ಮೆ ಅವನೇ ಹೇಳಿದ್ದ, ಒರೆಸುವ ಬಟ್ಟೆಯನ್ನು ನೋಡುತ್ತ.
ಒಂಬತ್ತನೇ ವಯಸ್ಸು, ಶಾಲೆಯ ಸಮಾರಂಭ.
ಸಾಲಿನುದ್ದಕ್ಕೂ ಕಿವಿ ಬಾಗಿಸುತ್ತ ಬಂದ ಟೀಚರು
ಅವನ ಮುಂದೆ ನಿಂತರಂತೆ.
‘ನೀನು ತುಟಿ ಆಡಿಸಿದರೆ ಸಾಕು, ಮರಿ.’
ಹೇಳಿದ ಮಾತು ಕೇಳುವ ಹುಡುಗ. ಆಡಿಸಿದ.
ಅರವತ್ತೆರಡು ವರ್ಷ ಆಡಿಸುತ್ತಲೇ ಇದ್ದ,
ಚರ್ಚಿನಲ್ಲಿ, ಮಕ್ಕಳ ಹುಟ್ಟುಹಬ್ಬದಲ್ಲಿ,
ಹೆಂಡತಿಯನ್ನು ಗುಂಡಿಗಿಳಿಸುವಾಗ ಕೂಡ.

ಐಲ್ಸಾ ಯಾರಿಗೂ ಹೇಳಲಿಲ್ಲ. ಇದಕ್ಕೆ ಖಾನೆಯಿಲ್ಲ.

ಹೋದ ತಿಂಗಳು, ನೆಗಡಿಯಾಗಿ ಅರ್ಧ ಮೇಳ ಕೆಮ್ಮುತ್ತಿದ್ದ ರಾತ್ರಿ,
ಹಾಡಿಸುವ ಮೊರ್ವೆನ್ನಾ ಹಾಳೆಗಳನ್ನು ಕೆಳಗಿಡಿಸಿದಳು.
ಪದ ಬೇಡ, ಬಾಯಿಯೂ ಬೇಡ,
ತುಟಿ ಕೂಡಿಸಿ ಸುಮ್ಮನೆ ಗುಂಯ್‌ಗುಡಿ, ಎಂದಳು.

ತುಟಿಗಳು ಕೂಡಿದವು.
ಆಡಿಸಲು ಏನೂ ಉಳಿಯಲಿಲ್ಲ ಮರ್ವ್‌ಗೆ.

ಕೋಣೆ ಜೇನುಗೂಡಾಯಿತು,
ಹೀಟರು ಕೂಡ ತನ್ನದೊಂದು ಎಳೆ ಹಿಡಿದಿತ್ತು.
ಆಗ ಐಲ್ಸಾಳ ಎಡ ಮೊಣಕೈಗೆ,
ಮೊದಲು ಮೂಳೆಗೆ, ಆಮೇಲೆ ಕಿವಿಗೆ,
ಏನೋ ತಾಗಿತು:
ತುಂಬಿದ ಲಾರಿ ತೂಕದ ಕಟ್ಟೆಗೆ ಏರುವಾಗ
ಪಾದದಡಿಯ ಕಬ್ಬಿಣ ನಡುಗುವ ಹಾಗೆ.

ಸ್ವರ ಸರಿಯಿರಲಿಲ್ಲ.
ಅರ್ಧ ಮೆಟ್ಟಿಲು ಕೆಳಗೆ, ಒಳಗೂ ಬಾರದೆ ಹೊರಗೂ ಹೋಗದೆ
ಚಪ್ಪಲಿ ಬಿಡುತ್ತಲೇ ಇತ್ತು.
ಐಲ್ಸಾ ತಿರುಗಲಿಲ್ಲ. ನೋಡಿದರೆ ನಿಂತೀತು.
ಎರಡು ಸಾಲು ಮುಂದೆ ದಿಲ್ಮಾಯಾ ಮಾತ್ರ
ತನ್ನ ದನಿಯನ್ನು ಮೆಲ್ಲಗೆ ಇಳಿಸಿ
ಅದರ ಪಕ್ಕ ಕೂರಿಸಿದಳು.
ಮೊರ್ವೆನ್ನಾಳ ಹುಬ್ಬು ಒಂದು ಕ್ಷಣ ಮೇಲೇರಿತು.
ಕೈ ನಿಲ್ಲಲಿಲ್ಲ.

ಕೊನೆಯ ಖಾನೆ: ವರ್ಷಾಂತ್ಯದ ಉಳಿಕೆ.
ಕೂಡಿ, ಕಳೆದು, ಮತ್ತೊಮ್ಮೆ ಕೂಡಿ,
ಐಲ್ಸಾ ಒಂದು ಸೊನ್ನೆ ಸುತ್ತುತ್ತಾಳೆ.
ನಮ್ಮ ಬರಹದಲ್ಲಿ ಇದನ್ನೇ ಅಕ್ಷರದ ಪಕ್ಕಕ್ಕಿಟ್ಟರೆ
ತುಟಿ ಮುಚ್ಚಿ ಮೂಗಿನೊಳಗೆ ಮೊಳಗುವ ದನಿ.
ಅವಳಿಗೆ ಅದು ಗೊತ್ತಿಲ್ಲ.
ದುಂಡಗಾಗಲಿಲ್ಲವೆಂದು ಇನ್ನೊಮ್ಮೆ ತಿದ್ದಿ,
ಲಕೋಟೆಗೆ ಎಂಜಲು ಹಚ್ಚಿ,
ಸಾಮಾನಿನ ಚೀಟಿ ಹತ್ತಿರಕ್ಕೆಳೆದುಕೊಳ್ಳುತ್ತಾಳೆ.
ಹಾಲು, ಎರಡು ಲೀಟರು.
ನಾಳೆ ಮಂಗಳವಾರ.