ಕನ್ನಡಿಗೆ ಬಿಟ್ಟ ಅರ್ಧ

ರಿಯೋನಿ ಹೊಳೆಯ ಸೇತುವೆ ದಾಟಿದರೆ, ರೊಟ್ಟಿ ಒಲೆಯ ಪಕ್ಕ
ಬಾದ್ರಿಯ ಅಂಗಡಿ. ಕುತಾಯಿಸಿಯಲ್ಲಿ ಸತ್ತ ಕಂಪ್ಯೂಟರುಗಳೆಲ್ಲ
ಕೊನೆಗೆ ಬಂದು ಸೇರುವುದು ಇಲ್ಲಿಗೇ.
ನನ್ನ ಕೈಚೀಲದಲ್ಲಿ ನಾನೂರ ಇಪ್ಪತ್ತು ಲಾರಿ, ನೋಟಿನಲ್ಲಿ.
ಮನೆಯಲ್ಲಿ, ಮಂಚದ ಕೆಳಗೆ, ಮುನ್ನೂರ ಹನ್ನೆರಡು ಮದುವೆ.

ಹೌದು, ಮದುವೆ. ಇಪ್ಪತ್ತಾರು ವರ್ಷ
ಹೆಗಲ ಮೇಲೆ ಕ್ಯಾಮರಾ ಹೊತ್ತವಳು ನಾನು, ಲಮಾರಾ.
ಬಲಭುಜ ಇವತ್ತಿಗೂ ಎಡಕ್ಕಿಂತ ಎರಡು ಬೆರಳು ತಗ್ಗು.
ಟೇಪುಗಳಿಗೆ ಬೂಷ್ಟು ಹತ್ತುತ್ತಿದೆ ಬಾದ್ರಿ,
ಒಂದು ಪೆಟ್ಟಿಗೆ ಬೇಕು, ಹಗಲೂ ರಾತ್ರಿ ಎಚ್ಚರವಿರುವಂಥದು,
ಕರೆಂಟು ಹೆಚ್ಚು ಕುಡಿಯದ್ದು,
ಪಕ್ಕದಲ್ಲಿ ಮಲಗಿದರೆ ಗೊರಕೆ ಹೊಡೆಯದ್ದು.

ಬ್ಯಾಂಕಿನವರು ಎಸೆದದ್ದೊಂದನ್ನು ಎಳೆದು ತಂದ.
ಮೈಮೇಲೆ ಇನ್ನೂ ಗುಮಾಸ್ತನ ಚೀಟಿ: ಮೂರನೇ ಕಿಟಕಿ.
"ಪ್ರೊಸೆಸರು ಹಳೇದು. ಇದಕ್ಕೇನು ಬುದ್ಧಿ ಬೇಕು?
ಕೊಟ್ಟದ್ದು ಇಟ್ಟುಕೊಂಡು ಕೇಳಿದಾಗ ಕೊಡೋ ನಿಯತ್ತಿದ್ದರೆ ಸಾಕು."
ಎಂಟು ಜಿಬಿ ಮೆಮೊರಿ ಒಳಗೇ ಇತ್ತು, ಧೂಳಿನ ಸಮೇತ.
ತೊಂಬತ್ತು ಅಂದ. ಎಪ್ಪತ್ತು ಅಂದೆ.
ಬಿಸಿ ರೊಟ್ಟಿ ತರಿಸಿ, ಎಂಬತ್ತಕ್ಕೆ ಮುರಿದೆವು,
ರೊಟ್ಟಿಯನ್ನೂ ಮಾತನ್ನೂ.

ಪವರ್ ಸಪ್ಲೈಗೆ ಮಾತ್ರ ಜಗ್ಗಲಿಲ್ಲ.
"ಅಗ್ಗದ್ದಿದೆ, ನಿಮಗೆ ಮಾರೋಲ್ಲ.
ಸಾಯುವಾಗ ಅದೊಂದೇ ಸಾಯೋದಿಲ್ಲ,
ಮನೆಮಂದಿಯನ್ನೆಲ್ಲ ಕರಕೊಂಡು ಹೋಗುತ್ತೆ."
ನೂರ ಹತ್ತು. ಎಣಿಸಿ ಕೊಟ್ಟೆ.

ಆಮೇಲೆ ಡಿಸ್ಕು. ಡಿಸ್ಕಿನ ವಯಸ್ಸು ವರ್ಷದಲ್ಲಲ್ಲ, ಗಂಟೆಯಲ್ಲಿ.
ಒಂದೊಂದನ್ನೂ ತಂತಿಗೆ ಸಿಕ್ಕಿಸಿ ಓದಿ ಹೇಳಿದ:
ಇದು ನಲವತ್ತೊಂದು ಸಾವಿರ, ಯಾವುದೋ ಪಾರ್ಕಿಂಗಿನಲ್ಲಿ ಕಾವಲಿಗಿದ್ದದ್ದು;
ಇದು ಒಂಬತ್ತು ಸಾವಿರ, ಹಲ್ಲಿನ ಡಾಕ್ಟರದು.
ಕಿವಿಗಿಟ್ಟು ಕೇಳಿದೆ. ಒಂದು ಟಿಕ್ ಅನ್ನುತ್ತಿತ್ತು. ಬೇಡ.
ಟಿಕ್ ಅನ್ನದವು ಎರಡು ಸಿಕ್ಕವು, ನಾಲ್ಕು ನಾಲ್ಕು ಟಿಬಿ,
ಎರಡಕ್ಕೂ ಇನ್ನೂರ ಮೂವತ್ತು. ಚೀಲ ಬರಿದು.

ಲೆಕ್ಕ ಈಗ ಶುರು. ಎಂಟೂ ಟಿಬಿ ಬಳಸಿದರೆ
ಎಲ್ಲ ಮದುವೆಗೂ ಜಾಗ, ಆದರೆ ಒಂದೇ ಪ್ರತಿ.
ಕನ್ನಡಿ ಮಾಡಿದರೆ ಇದರಲ್ಲಿ ಬರೆದದ್ದು ಅದರಲ್ಲೂ,
ಇದು ಸತ್ತರೆ ಅದು. ಅರ್ಧ ಮದುವೆ ಹೊರಗೆ.
ಹಾಸಿಗೆ ನಾಲ್ಕು ಟಿಬಿ,
ಕಾಲು ಮುನ್ನೂರ ಹನ್ನೆರಡು ಜೋಡಿ.

"ಬಿಟ್ಟವರನ್ನು ಬಿಟ್ಟುಬಿಡಿ," ಅಂದ ಬಾದ್ರಿ, ಥಟ್ಟನೆ.
"ಡೈವೋರ್ಸ್ ಆದವರದು ಯಾಕೆ ಬೇಕು?"

ಒಟ್ಟಿಗಿರುವವರ ಬೀರುವಿನಲ್ಲಿ ಇನ್ನೊಂದು ಟೇಪು ಇದ್ದೇ ಇರುತ್ತೆ ಮಾರಾಯ,
ಮೇಜುಬಟ್ಟೆಗಳ ಅಡಿಯಲ್ಲಿ, ಮುಟ್ಟದೆ.
ಬಿಟ್ಟವರು ಎಸೆದಿರುತ್ತಾರೆ. ಒಬ್ಬಳಂತೂ ಟೇಪು ಬಿಚ್ಚಿ
ಚೆರ್ರಿ ಮರಕ್ಕೆ ಸುತ್ತಿದ್ದಳು, ಹಕ್ಕಿ ಹೆದರಲಿ ಅಂತ;
ಬಿಸಿಲಲ್ಲಿ ಮಿಂಚುತ್ತಿತ್ತು, ಕಣ್ಣಾರೆ ಕಂಡಿದ್ದೇನೆ.
ಅವರದು ಉಳಿದಿರುವುದು ನನ್ನ ಮಂಚದ ಕೆಳಗೊಂದೇ.
ಕನ್ನಡಿ ಬೇಕಾದ್ದು ಅವರಿಗೆ.

ಅವನು ಮಾತಾಡಲಿಲ್ಲ. ಡಿಸ್ಕಿಗೆ ನಾಲ್ಕು ಸ್ಕ್ರೂ,
ಮೂರೇ ಸಿಕ್ಕವು. ನಾಲ್ಕನೆಯದಕ್ಕೆ ಡಬ್ಬಿ ಮಗುಚಿ
ಬಹಳ ಹೊತ್ತು ಹುಡುಕಿದ, ತಲೆ ಎತ್ತದೆ.
"ಎರಡು ಸಾವಿರದ ಮೂರು. ಸೆಪ್ಟೆಂಬರು.
ನಮ್ಮದು ಇದೆಯಾ?"

ಇದೆ.

"ಅವಳನ್ನು ನೋಡೋಕಲ್ಲ.
ಅದರಲ್ಲಿ ಅಪ್ಪ ಗ್ಲಾಸು ಎತ್ತಿ ಹಿಡಿದು
ನಲವತ್ತು ನಿಮಿಷ ಮಾತಾಡ್ತಾನೆ. ಎಲ್ಲರೂ ನಗ್ತಿದ್ದರು.
ನಾನು ಕುಣಿಯೋ ಅವಸರದಲ್ಲಿದ್ದೆ, ಕೇಳಿಸಿಕೊಳ್ಳಲಿಲ್ಲ.
ಮಧ್ಯೆ ಕತ್ತರಿಸಿಲ್ಲ ತಾನೆ?"

ಗ್ಲಾಸು ಬರಿದಾಗುವ ತನಕ ಓಡಿಸಿದ್ದೇನೆ ಅಂದೆ.
ಬೇಕಾದರೆ ಈ ಭುಜ ನೋಡು.

ಒಳಗೆ ಹೋಗಿ ಫ್ಯಾನೊಂದನ್ನು ತಂದ, ಹೊಸದು, ಡಬ್ಬಿಯಲ್ಲೇ ಇದ್ದದ್ದು.
ಕೂರಿಸಿ, ಸ್ವಿಚ್ಚು ಒತ್ತಿದ.
ತಿರುಗಿತು. ಸದ್ದಿಲ್ಲ.
ಅದಕ್ಕೆ ಎಷ್ಟು ಅಂತ ನಾನೂ ಕೇಳಲಿಲ್ಲ.