ಒಂದು ಕಿವಿ ದಾರೀಗೆ

ಗುರುಮಠಕಲ್ ಬಸ್‌ಸ್ಟ್ಯಾಂಡಿನ ಹಿಂದ
ಜಿಲಾನಿ ಮಿಯಾನ ಅಂಗಡಿ ಎಷ್ಟು ಸಣ್ಣದಂದ್ರ
ಸಾಮಾನು ಒಳಗ ಕೂಡ್ತದ, ಗಿರಾಕಿ ಹೊರಗ ನಿಲ್ತದ.
ಸೈಕಲ್ ಸ್ಟ್ಯಾಂಡ್ ಹಾಕಿ ಹೊರಗಿಂದೇ ಕೇಳಿದೆ:
ರೇಡಿಯೋ ಬೇಕ್ರಿ, ತುಳೀತಾ ಕೇಳ್ಲಾಕ.

ಮಿಯಾ ಮೊದಲ ನನ್ನ ನೋಡಿದ್ರು, ಆಮ್ಯಾಲ ಸೈಕಲ್,
ಆಮ್ಯಾಲ ಕ್ಯಾರಿಯರಿನ ಖಾಕಿ ಚೀಲ.
ಕಾಗದ ಯಾರು ಬರೀತಾರಮ್ಮ ಈಗ?
ಎಲ್ಲರೂ ಇದನ್ನೇ ಕೇಳ್ತಾರ.
ಬ್ಯಾಂಕಿನ ನೋಟೀಸು ಬರ್ತಾವ್ರಿ, ಆಧಾರ್ ಬರ್ತಾವ,
ಡಬ್ಬಿಯೊಳಗ ಚಪ್ಪಲಿ ಬರ್ತಾವ,
ಎರಡೂ ಎಡಗಾಲಿಂದು ಅಂತ ತಿರುಗಿ ಹೋಗ್ತಾವ.
ಐದು ಊರು, ಒಂದು ಸೈಕಲ್,
ಮಾತಾಡವ್ರು ಯಾರೂ ಇಲ್ಲ ನಡುವ.

ಮೊದಲಿಂದು ದೊಡ್ಡದು. ನಾಕು ದಪ್ಪ ಸೆಲ್ಲು.
ಟ್ಯೂಬಿನ ರಬ್ಬರ್ ಹರಿದು ಕಟ್ಟಿಕೊಟ್ರು,
ಹಿಟ್ಟಿನ ಗಿರಣಿ ತನಕ ತುಳಿದು ಬಂದೆ.
ಹ್ಯಾಂಡಲ್ ಎಡಕ್ಕೇ ಎಳೀತಿತ್ತು, ಹಠಮಾರಿ ಎಮ್ಮಿ ಹಂಗ.
ಧ್ವನಿ ಊರಿಗೆಲ್ಲ ಕೇಳಿತು.
ಗಿರಣಿ ಮುಂದಿನ ನಾಯಿ ಎದ್ದು ನಿಂತಿತು.
ಊರಿಗೆ ಕೇಳ್ಸೂದು ನನ್ನ ಕೆಲಸ ಅಲ್ರಿ, ಅಂದೆ.

ಎರಡನೇದಕ್ಕ ಬಣ್ಣಬಣ್ಣದ ಲೈಟು.
ಉಗುರಿನಷ್ಟು ಚಿಪ್ಪಿನ್ಯಾಗ ಸಾವಿರ ಹಾಡು ಹಿಡೀತಾವಂತ.
ನನ್ನ ಹಾಡು ನಾನೇ ತುಂಬಿ
ನಾನೇ ಕೇಳೂದಂದ್ರ
ನನ್ನ ಅಡಗಿ ನಾನೇ ಬಡಿಸಿಕೊಂಡು ಉಂಡಂಗ, ಮಿಯಾ.
ಅದು ದಿನಾ ನಡದೇ ಅದ.
ದಾರ್ಯಾಗರ ಯಾರಾದ್ರೂ ಬಡಿಸ್ಲಿ.

ಹಂಗಾದ್ರ ಕಿವ್ಯಾಗ ಸಿಗಿಸ್ಕೋರಿ, ಇದು ನೋಡ್ರಿ, ಬೇಸ್ ಹ್ಯಾಂಗದ!
ಸಿಗಿಸ್ಕೊಂಡೆ.
ಮಿಯಾನ ತುಟಿ ಅಲುಗಾಡ್ತಿದ್ವು, ಮಾತು ಇರ್ಲಿಲ್ಲ.
ಹಿಂದ ಬಸ್ಸು ಹಾದು ಹೋದದ್ದು
ಧೂಳು ಮುಖಕ್ಕ ಬಡದ ಮ್ಯಾಲ ಗೊತ್ತಾಯ್ತು.
ತೆಗದು ಕೊಟ್ಟೆ.
ಪರಸಿ ಕಲ್ಲಿನ ಲಾರಿ ಹಿಂದ ಬರ್ತಾವ್ರಿ.
ಹೊಲದಾಗಿಂದ ಒದರ್ತಾರ, ಏ ಸಾಬಮ್ಮಾ, ನಂದೇನರ ಅದ?
ಒಂದು ಕಿವಿ ದಾರೀದು. ಅದನ್ನ ಮಾರ್ಲಾಕ ಬರಲ್ಲ.
ಇನ್ನೊಂದಕ್ಕ ಏನರ ತೋರ್ಸ್ರಿ.

ಮಿಯಾ ಸುಮ್ಮ ಕೂತ್ರು.
ಕೈಗಡಿಯಾರದ ಪಟ್ಟಿ, ಸುಟ್ಟ ಸೀಸದ ವಾಸನಿ,
ಅದರ ಬುಡಕಿಂದ ಎಳದ್ರು
ಬೂದಿ ಬಣ್ಣದ್ದು, ಅರ್ಧ ಇಟ್ಟಂಗಿಯಷ್ಟು.
ಇದು ಮಾರೂದಲ್ಲ, ರಿಪೇರಿಗೆ ಬಂದು ಕೂತದ್ದು.
ಒಡಿಯ ಬರ್ಲೇ ಇಲ್ಲ, ವರ್ಷ ಆರಾಯ್ತು.
ಮುಳ್ಳು ಜಾರ್ತದ, ನಿಲ್ಲಲ್ಲ.

ಕಟ್ರಿ, ಅಂದೆ.

ಗಿರಣಿ ತನಕ ಕಲಬುರಗಿ ಮಾತಾಡಿತು,
ಮಂದಿ ನಡುವ ಕೂತ ನೆಂಟರ ಹಂಗ, ಮೆಲ್ಲಕ.
ತಗ್ಗು ಬಂತು. ಗಾಲಿ ಧಡಕ್ಕಂತು.
ಮುಳ್ಳು ಜಾರಿ ತೆಲುಗಿನ್ಯಾಗ ಒಬ್ಬಾಕಿ
ಹುಣಸಿ ಚಿಗುರಿನ ಪಪ್ಪು ಹ್ಯಾಂಗ ಮಾಡಬೇಕಂತ ಹೇಳ್ಲಾಕತ್ತಿದ್ಲು.
ಮುಂದಿನ ತಗ್ಗಿಗೆ ಕಲಬುರಗಿ ತಿರುಗಿ ಬಂತು.
ನಮ್ಮವ್ವ ನಾರಾಯಣಪೇಟ ಕಡೆಯಾಕಿ,
ಒಂದು ಮಾತು ಅಲ್ಲಿಂದು ಎತ್ತಿ ಇಲ್ಲಿ ಇಳಸ್ತಿದ್ಲು.
ಅಪ್ಪ ನಗ್ತಿದ್ದ, ಮಾತಿಗೂ ತಗ್ಗು ಅದಾವಂತ.
ಇಳೀಲಿಲ್ಲ ನಾನು. ಗಿರಣಿ ಸುತ್ತಿ ಇನ್ನೊಂದು ಸುತ್ತು ಹೊಡದೆ.
ಪಪ್ಪಿನ ಕಡೀ ಮಾತು ತಪ್ಪಿಹೋಯ್ತು,
ಉಪ್ಪು ಯಾವಾಗ ಹಾಕಬೇಕೋ ಏನೋ.

ಕೆಟ್ಟದ್ದಕ್ಕ ಏನು ಬೆಲಿ ಹೇಳ್ಲಿ, ಅಂದ್ರು ಮಿಯಾ.
ನೂರಾ ಇಪ್ಪತ್ತು ಕೊಟ್ಟೆ. ಸೆಲ್ ಬ್ಯಾರೆ.
ಒಡಿಯ ಬಂದ್ರ ಬಿಚ್ಚಿ ಕೊಡಬೇಕು, ಅಂತ ಕರಾರು.

ಈಗ ಮೂರು ತಿಂಗಳಾಯ್ತು. ಒಡಿಯ ಬಂದಿಲ್ಲ.
ನಿನ್ನಿ ಏರಿನ ಹತ್ರ ಮೋನಪ್ಪ ತೊಗರಿ ನಡುವಿಂದ ಒದರಿದ,
ಸಾಬಮ್ಮಾ, ನಂದೇನರ ಅದ?
ಕಾಗದ ಇಲ್ಲೋ. ತೊಗರಿ ದರ ಹೇಳ್ಲಾಕತ್ತಾರ, ಬೇಕೇನು?
ಕುರ್ಪಿ ಹಿಡ್ಕೊಂಡೇ ಓಡಿ ಬಂದ.
ಕಲಬುರಗಿ ಮಾರುಕಟ್ಟಿ, ಕ್ವಿಂಟಲಿಗೆ, ಅಂದದ್ದೇ ತಡ
ಮುಳ್ಳು ಜಾರಿತು.
ಅಂವ ನನ್ನ ನೋಡಿದ. ನಾ ಅವನ್ನ ನೋಡಿದೆ.
ಹೆಬ್ಬೆರಳಿಂದ ಒಂಚೂರು ಹಿಂದಕ ತಿರುವಿದೆ,
ಉಸುರು ಬಿಗಿ ಹಿಡದು,
ಇಬ್ಬರೂ.